ಅಪ್‌ಡೇಟ್: ಅಪ್ಪ ಅಮ್ಮನ ಜೊತೆ ಡೆನ್ವರ್‌ಗೆ ಹೋಗಿ ಬಂದೆವು

ಮೂರು ದಿನಕ್ಕೆ ಅಮೆರಿಕದ ಕೊಲೊರಾಡೊದಲ್ಲಿರೋ ಡೆನ್ವರ್‌ಗೆ ಹೊರಟಿದ್ದೇವೆ, ಅಪ್ಪ ಅಮ್ಮನಿಗೆ ಅಲ್ಲಿನ ಎತ್ತರ ಒಗ್ಗುತ್ತಾ, ಕಾರು ಬೇಕಾ ಅಂತ ಕೇಳಿದ್ದೆ ಅಲ್ವಾ? ಮೊನ್ನೆ ವಾಪಸ್ ಬಂದೆವು.

"ಮೊದಲ ದಿನ ಊರಲ್ಲೇ ಇರಿ, ಬೆಟ್ಟ ಆಮೇಲೆ" ಅಂದವರಿಗೆ ದೊಡ್ಡ ನಮಸ್ಕಾರ. ಊರೇ 5,280 ಅಡಿ ಎತ್ತರದಲ್ಲಿದೆ, ಬೆಟ್ಟ ಅಂದ್ರೆ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್, ಅದರೊಳಗಿನ ಟ್ರೇಲ್ ರಿಡ್ಜ್ ರಸ್ತೆಯ ಅತಿ ಎತ್ತರದ ಜಾಗ 12,183 ಅಡಿ. ಮೇಲೆ ಅಮ್ಮನಿಗೆ ಸ್ವಲ್ಪ ತಲೆನೋವು ಬಂತು, ಕೆಳಗಿಳಿದ ಮೇಲೆ ಹೋಯಿತು. ಅಪ್ಪ ಮಾತ್ರ ಗಟ್ಟಿ.

"ಕಾರು ಬೇಡ, ರೈಲು ಸಾಕು" ಅನ್ನೋದು ನಮಗೆ ಅರ್ಧ ಮಾತ್ರ ನಿಜವಾಯಿತು. ಏರ್‌ಪೋರ್ಟ್‌ನಿಂದ ಊರ ನಡುವಿನ ಯೂನಿಯನ್ ಸ್ಟೇಷನ್‌ಗೆ ರೈಲಲ್ಲಿ 37 ನಿಮಿಷ, ಆರಾಮ. ಆದರೆ ರಾಕಿ ಮೌಂಟನ್ ಪಾರ್ಕ್‌ಗೆ ಬಾಡಿಗೆ ಕಾರು ತಗೊಂಡೆವು. ನಾವು ಹೋದಾಗ ಒಳಗೆ ಹೋಗೋಕೆ ಹೊತ್ತು ಗೊತ್ತು ಮಾಡಿದ ಟಿಕೆಟ್ ಬೇಕಿತ್ತು, ಎಲ್ಲಾ ಖಾಲಿ! ಹಿಂದಿನ ಸಂಜೆ 7ಕ್ಕೆ ಇನ್ನಷ್ಟು ಬಿಡುತ್ತಾರೆ ಅಂದಿದ್ದಿರಿ. ಫೋನ್ ಹಿಡಿದು ಕೂತು ಗಿಟ್ಟಿಸಿದೆ.

ಯಾರೂ ಹೇಳದೇ ಇದ್ದದ್ದು ಒಂದು. ಆ ಎತ್ತರಕ್ಕೆ ಅಮ್ಮನ ಕೋಡುಬಳೆ ಪ್ಯಾಕೆಟ್ ಬಲೂನ್ ಥರ ಊದಿಕೊಂಡಿತ್ತು. ಪಾತ್ರೆಯಲ್ಲಿ ಇಟ್ಟ ಬೇಳೆ ಬೇಯಲೇ ಇಲ್ಲ, ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ. "ಕುಕ್ಕರ್ ತರೋಣ ಅಂದ್ರೆ ಕೇಳಿದ್ಯಾ?" ಅಂತ ಅಮ್ಮ ಇನ್ನೂ ಬೈತಾನೇ ಇದ್ದಾರೆ.