ಪದಚರ್ಚೆ: ‘ಟೆರೇನ್ ಅವೇರ್‌ನೆಸ್’ಗೆ ಏನನ್ನೋಣ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ನಾಳೆ ಒಂಬತ್ತಕ್ಕೆ ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು. ಹೈಸ್ಕೂಲು ಮಕ್ಕಳ ವಿಜ್ಞಾನ ಮೇಳಕ್ಕೆ ಕಾಕ್‌ಪಿಟ್ ಬಗ್ಗೆ ಒಂದು ಫಲಕ. ಅದರಲ್ಲಿ ‘ಟೆರೇನ್ ಅವೇರ್‌ನೆಸ್’ ಬರುತ್ತದೆ, ಅಂದರೆ ಸುತ್ತಲಿನ ನೆಲದ ಏರಿಳಿತ ಪೈಲಟ್ ಗಮನದಲ್ಲಿರುವುದು. ರಾತ್ರಿ ಇಳಿಯುವಾಗ ಕೆಳಗಿನ ಗುಡ್ಡ, ಕಣಿವೆ ಪೈಲಟ್‌ಗೆ ಕಾಣುವುದಿಲ್ಲ. ಸುತ್ತ ಕತ್ತಲಿದ್ದು ರನ್‌ವೇ ದೀಪ ಮಾತ್ರ ಕಂಡರೆ, ಇನ್ನೂ ತುಂಬ ಮೇಲಿದ್ದೇವೆ ಅನ್ನಿಸಿ ವಿಮಾನವನ್ನು ಜಾಸ್ತಿ ಕೆಳಗೆ ತಂದುಬಿಡುವ ಅಪಾಯ ಇದೆ. ನಾನು ‘ಭೂಪ್ರದೇಶ ಜಾಗೃತಿ’ ಅಂತ ಬರೆದೆ. ಓದಿದರೆ ಜಾಥಾದ ಬ್ಯಾನರ್ ನೆನಪಾಗುತ್ತದೆ. ದಯವಿಟ್ಟು ಸಹಾಯ ಮಾಡಿ.

*

ನೆಲದರಿವು. ಕನ್ನಡದ್ದೇ ಎರಡು ಪದ ಕೈಯಲ್ಲಿರುವಾಗ ‘ಭೂ’ ಯಾಕೆ, ‘ಪ್ರದೇಶ’ ಯಾಕೆ? ಇದರಲ್ಲಿ ಚರ್ಚೆಗೆ ಏನೂ ಇಲ್ಲ.

*

ಚರ್ಚೆಗೆ ಇದೆ ಸರ್. ‘ನೆಲದರಿವು’ ಅಂದರೆ ಮಣ್ಣಿನ ಗುಣ ಬಲ್ಲ ರೈತ ನೆನಪಾಗುತ್ತಾನೆ, ಪೈಲಟ್ ಅಲ್ಲ. ಅರಿವು ಓದಿ, ಕೇಳಿ ಬರುವಂಥದ್ದು. ಇಲ್ಲಿ ಬೇಕಿರುವುದು ಆ ಕ್ಷಣದಲ್ಲಿ ತಲೆಯಲ್ಲಿ ಇರಬೇಕಾದದ್ದು.

1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯಾದ ಕಾಲಿ ಎಂಬ ಊರಿಗೆ ಇಳಿಯಬೇಕಿದ್ದ ಬೋಯಿಂಗ್ 757 ಬೆಟ್ಟಕ್ಕೆ ಬಡಿದು 159 ಜನ ಸತ್ತರು. ಕಣಿವೆಯ ಎರಡೂ ಕಡೆ ಬೆಟ್ಟ ಇದೆ ಎಂಬ ಅರಿವು ನಕ್ಷೆಯಲ್ಲಿತ್ತು. ವಿಮಾನಕ್ಕೆ ದಾರಿ ಹಿಡಿಸುವ ಕಂಪ್ಯೂಟರಿಗೆ ಕೊಟ್ಟ ಒಂದೇ ಅಕ್ಷರ ‘ಆರ್’ ವಿಮಾನವನ್ನು ಎಡಕ್ಕೆ, ಬೆಟ್ಟದ ಕಡೆಗೆ ತಿರುಗಿಸಿತು. ತಾವು ಎಲ್ಲಿದ್ದೇವೆ ಎಂಬ ಎಚ್ಚರ ತಪ್ಪಿತು. ನೆಲ ಹತ್ತಿರವಾದರೆ ಕೂಗಿ ಎಚ್ಚರಿಸುವ ಆಗಿನ ಉಪಕರಣ ನೇರ ಕೆಳಗೆ ಮಾತ್ರ ನೋಡುತ್ತಿತ್ತು, ಎದುರಿನ ಬೆಟ್ಟ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಅದು ಕೂಗಿದಾಗ ಉಳಿದಿದ್ದದ್ದು ಹನ್ನೆರಡು ಸೆಕೆಂಡಿನ ಆಸುಪಾಸು. ಈಗಿನದು ನೆಲದ ಎತ್ತರಗಳನ್ನು ಮೊದಲೇ ನೆನಪಿನಲ್ಲಿಟ್ಟುಕೊಂಡು ಎದುರಿಗಿರುವುದನ್ನು ಹಳದಿ, ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಸುಮಾರು ಒಂದು ನಿಮಿಷ ಮೊದಲೇ ಕೂಗುತ್ತದೆ.

ಹಾಗಾಗಿ ಪದ ‘ಎಚ್ಚರ’. ಅದರ ಬೇರು ‘ಏಳು’. ಆ ಉಪಕರಣ ಕೊನೆಗೆ ಕೂಗುವುದೂ ‘ಪುಲ್ ಅಪ್’ ಅಂತಲೇ, ಅಂದರೆ ಮೇಲಕ್ಕೇಳು! ಇದಕ್ಕಿಂತ ಹೊಂದುವ ಪದ ಎಲ್ಲಿ ಸಿಗುತ್ತದೆ? ಟೆರೇನ್‌ಗೆ ಬರೀ ‘ನೆಲ’ ಸಾಲದು. ಒರೆಸುವುದೂ ನೆಲವೇ ಅಲ್ವಾ? ‘ಉಬ್ಬುತಗ್ಗು’ ಸೇರಿಸಿ.

*

ಜಾಗೃತಿಯ ಅರ್ಥವೂ ಎಚ್ಚರವಾಗಿರುವುದೇ. ಬೇರು ಹುಡುಕುವವರು ಸಂಸ್ಕೃತದ ಬೇರನ್ನು ಮಾತ್ರ ಯಾಕೆ ಬಿಡುತ್ತೀರಿ? ‘ವಿಮಾನ’ವನ್ನೂ ತೆಗೆದುಹಾಕಿ, ನೋಡೋಣ.

*

ಬೇರಿನಲ್ಲಿ ಇರಬಹುದು. ಬಳಕೆಯಲ್ಲಿ ಜಾಗೃತಿ ಅಂದರೆ ಮತದಾನ ಜಾಗೃತಿ, ಡೆಂಗಿ ಜಾಗೃತಿ. ಊರಿಗೆಲ್ಲ ಮೂಡಿಸುವಂಥದ್ದು. ಒಬ್ಬ ಪೈಲಟ್ ಒಳಗೆ ಇರುವಂಥದ್ದಲ್ಲ. ‘ವಿಮಾನ’ ಇರಲಿ, ಅದು ನಮ್ಮ ಅಜ್ಜಿಯರ ಬಾಯಲ್ಲೇ ಇತ್ತು. ಎರವಲಿಗೆ ನನ್ನ ವಿರೋಧವಿಲ್ಲ. ಮಕ್ಕಳು ಓದುವ ಫಲಕದಲ್ಲಿ ತಪ್ಪು ಚಿತ್ರ ಮೂಡಿಸುವ ಪದ ಬೇಡ, ಅಷ್ಟೇ. ‘ಪುಲ್ ಅಪ್’ ಮಾತ್ರ ಕನ್ನಡ ಅಕ್ಷರದಲ್ಲಿ ಹಾಗೇ ಇಡಿ. ಪೈಲಟ್ ಕಿವಿಗೆ ಬೀಳುವುದು ಅದೇ.

*

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ‘ಕತ್ತಲಲ್ಲಿ ಇಳಿಯುವಾಗ ನೆಲದ ಉಬ್ಬುತಗ್ಗಿನ ಎಚ್ಚರ’ ಅಂತ ಮಾಡಿದೆ. ಫಲಕದ ಅಗಲಕ್ಕೆ ಒಂದೇ ಸಾಲಲ್ಲಿ ಕೂತಿತು. ‘ನೆಲದರಿವು’ ಎಂದ ಸರ್ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ‘ನೆಲ’ ಉಳಿದಿದೆ.