ಹರಗೋಲು ದಡ ಮುಟ್ಟಿದರೆ ಆಡು ಗದ್ದೆಯಲ್ಲಿ! ಬ್ಲೆಂಡರ್ ಚೈಲ್ಡ್ ಆಫ್ ಕಾಟ

ಹೊಳೆದಂಡೆ, ಗಂಗಾವತಿ:
ನಮಸ್ಕಾರ. ಆನೆಗೊಂದಿ ಹತ್ತಿರ ತುಂಗಭದ್ರೆ ದಾಟುವ ಒಂದು ಪುಟ್ಟ ಅನಿಮೇಷನ್ ಅನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಮಾಡುತ್ತಿದ್ದೇನೆ. ಖಾಲಿ ಹರಗೋಲು ಹಂಪಿ ಕಡೆಯಿಂದ ನೆಟ್ಟಗೆ ಬಂದು 80ನೇ ಫ್ರೇಮಿಗೆ ನಮ್ಮ ದಡ ಮುಟ್ಟುತ್ತದೆ. ಆಡು ಹತ್ತುತ್ತದೆ. ವಾಪಸ್ ಹೋಗುವಾಗ ಹರಗೋಲು ಗರಗರ ಸುತ್ತುತ್ತಾ 180ಕ್ಕೆ ಆ ದಡ ಸೇರುತ್ತದೆ. ಅಲ್ಲಿ ಆಡು ಇಳಿಯಬೇಕು.

ಆಡಿಗೆ ಚೈಲ್ಡ್ ಆಫ್ ಕನ್‌ಸ್ಟ್ರೈಂಟ್ (ಒಂದು ವಸ್ತು ಇನ್ನೊಂದರ ಜೊತೆ ಚಲಿಸುವಂತೆ ಕಟ್ಟುವ ನಿಯಮ) ಹಾಕಿ, ಹರಗೋಲನ್ನು ಟಾರ್ಗೆಟ್ ಮಾಡಿದ್ದೇನೆ. ಅದರ ಇನ್‌ಫ್ಲುಯೆನ್ಸ್, ಅಂದರೆ ಹಿಡಿತ, 1ನೇ ಫ್ರೇಮಿನಲ್ಲಿ 0, 80ರಲ್ಲಿ 1. ಪ್ಲೇ ಮಾಡಿದರೆ ಆಡು ನಿಂತಲ್ಲಿಂದ ತಾನೇ ಜಾರತೊಡಗುತ್ತದೆ. ಹರಗೋಲು ದಡಕ್ಕೆ ಬರುವಷ್ಟರಲ್ಲಿ ಅದು ಹಿಂದಿನ ಭತ್ತದ ಗದ್ದೆಯಲ್ಲಿರುತ್ತದೆ. ಎರಡು ದಿನದಿಂದ ಇದೇ ಗೋಳು.

ಬಿಸಿಲೂರು, ರಾಯಚೂರು:
ಸುಮ್ನೆ ಕಂಟ್ರೋಲ್ ಪಿ ಒತ್ತಿ ಹರಗೋಲನ್ನು ಆಡಿಗೆ ಪೇರೆಂಟ್ ಮಾಡಿಬಿಡಿ. ಅಷ್ಟಕ್ಕೆ ಕನ್‌ಸ್ಟ್ರೈಂಟ್ ಯಾಕೆ?

ಹೊಳೆದಂಡೆ:
ಅದನ್ನೂ ನೋಡಿದೆ ಅಣ್ಣ. ಆಗ ಹರಗೋಲು ಆ ದಡ ಬಿಟ್ಟ ಕೂಡಲೇ ಈ ದಡದ ಆಡೂ ಹೊರಟುಬಿಡುತ್ತದೆ.

ಕೋಟೆಗುಡ್ಡ, ಬಳ್ಳಾರಿ:
ಪೇರೆಂಟ್ ಬೇಡ. ನಡುವೆ ಹತ್ತಿ ಇಳಿಯುವುದಕ್ಕೆ ಚೈಲ್ಡ್ ಆಫೇ ಸರಿ. ನಿಮ್ಮಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿವೆ, ಅದಕ್ಕೇ ಗೊಂದಲ.

ಜಾರುವುದು ಯಾಕೆಂದರೆ ಇನ್‌ಫ್ಲುಯೆನ್ಸ್ 0ಯಿಂದ 1ಕ್ಕೆ ನಿಧಾನವಾಗಿ ಏರುತ್ತಿದೆ. ಟೈಮ್‌ಲೈನಿನಲ್ಲಿ ಆ ಕೀಗಳನ್ನು (ಫ್ರೇಮಿನಲ್ಲಿ ಬೆಲೆ ದಾಖಲಿಸಿದ ಗುರುತುಗಳು) ಆರಿಸಿ, ಟಿ ಒತ್ತಿ, ಕಾನ್‌ಸ್ಟಂಟ್ ಮಾಡಿ. ಆಗ ಬೆಲೆ 80ರಲ್ಲಿ ಒಮ್ಮೆಲೇ ಬದಲಾಗುತ್ತದೆ.

ಗದ್ದೆಗೆ ಹೋಗುವುದು ಬೇರೆ ಕಥೆ. ನೀವು ಟಾರ್ಗೆಟ್ ಆರಿಸಿದ್ದು 1ನೇ ಫ್ರೇಮಿನಲ್ಲಿ ಅಲ್ವಾ? ಹರಗೋಲು ಆಗ ಆಚೆ ದಡದಲ್ಲಿತ್ತು. ಬ್ಲೆಂಡರ್ ಆ ಜಾಗವನ್ನೇ ಲೆಕ್ಕಕ್ಕೆ ಹಿಡಿದಿದೆ. ಹರಗೋಲು ಹೊಳೆಯಷ್ಟು ದೂರ ಬಂತು, ಆಡನ್ನೂ ಅಷ್ಟೇ ದೂರ ಮುಂದೆ ತಳ್ಳಿತು. 80ನೇ ಫ್ರೇಮಿಗೆ ಹೋಗಿ. ಇನ್‌ಫ್ಲುಯೆನ್ಸ್ 1 ಇರುವುದನ್ನು ನೋಡಿಕೊಂಡು ಕ್ಲಿಯರ್ ಇನ್ವರ್ಸ್ (ಹಳೆ ಲೆಕ್ಕ ಅಳಿಸುವುದು), ಆಮೇಲೆ ಸೆಟ್ ಇನ್ವರ್ಸ್ (ಈಗಿನ ಜಾಗದಿಂದ ಹೊಸ ಲೆಕ್ಕ) ಒತ್ತಿ. ಆಡು ನೆಗೆದು ವಾಪಸ್ ಬರುತ್ತದೆ.

ಹೊಳೆದಂಡೆ:
ಬಂತು ರೀ! ಸುತ್ತು ಹೊಡೆಯುತ್ತಾ ಹೊಳೆ ದಾಟಿತು. ಆದರೆ 181ರಲ್ಲಿ ಇನ್‌ಫ್ಲುಯೆನ್ಸ್ 0 ಮಾಡಿದರೆ ಮತ್ತೆ ಆನೆಗೊಂದಿ ದಡಕ್ಕೇ ಹಾರುತ್ತದೆ. ಇನ್ನೊಂದು, ಸುತ್ತುವಾಗ ಆಡಿನ ಮುಖ ಮುಂದಕ್ಕೇ ಇರಬೇಕಾ?

ಕೋಟೆಗುಡ್ಡ:
ಹರಗೋಲಿಗೆ ಮುಂದು ಹಿಂದು ಎಲ್ಲಿದೆ ಮಾರಾಯರೇ, ಅದು ಬುಟ್ಟಿ! ಆಡೂ ಸುತ್ತಲಿ ಬಿಡಿ.

ಇಳಿಸುವುದು ಹೀಗೆ. 180ರಲ್ಲಿ ಆಡಿನ ಲೊಕೇಶನ್, ರೊಟೇಶನ್ ಇದ್ದ ಹಾಗೇ ಕೀ ಮಾಡಿ. 181ಕ್ಕೆ ಹೋಗಿ, ಇನ್‌ಫ್ಲುಯೆನ್ಸ್ ಇನ್ನೂ 1 ಇರುವಾಗಲೇ, ಕಂಟ್ರೋಲ್ ಎ ಒತ್ತಿ ವಿಶುವಲ್ ಟ್ರಾನ್ಸ್‌ಫಾರ್ಮ್ (ಈಗ ಕಾಣುವ ಜಾಗವನ್ನೇ ಆಡಿನ ಸ್ವಂತ ಜಾಗ ಮಾಡುವುದು) ಆರಿಸಿ. ಆಡು ಎಲ್ಲೋ ದೂರ ಹಾರಿದಂತೆ ಕಾಣುತ್ತದೆ. ಗಾಬರಿಯಾಗಿ ಅನ್‌ಡೂ ಮಾಡಬೇಡಿ, ನಾನು ಮೊದಲ ಸಲ ಅದನ್ನೇ ಮಾಡಿ ಒಂದು ಸಂಜೆ ಕಳೆದುಕೊಂಡೆ. ಫ್ರೇಮ್ ಕದಲಿಸದೆ ಲೊಕೇಶನ್, ರೊಟೇಶನ್ ಕೀ ಮಾಡಿ. ಆಮೇಲೆ ಇನ್‌ಫ್ಲುಯೆನ್ಸ್ 0 ಮಾಡಿ ಅದಕ್ಕೂ ಕೀ ಹಾಕಿ. ಕೀ ಹಾಕುವ ಮೊದಲೇ ಫ್ರೇಮ್ ಬದಲಾದರೆ ಮಾಡಿದ್ದೆಲ್ಲ ಹೋಯಿತು.

ಹೊಳೆದಂಡೆ:
ಇಳಿಯಿತು! ಹಿಂದಿನ ಗೊರಸು ಒಂಚೂರು ಮರಳಿನಲ್ಲಿ ಹೂತಿದೆ, ಅದನ್ನು ನಾನೇ ಎತ್ತಿಡುತ್ತೇನೆ.