ಅಪ್‌ಡೇಟ್: ತಂಗಿಯ ಕೆಮಿಸ್ಟ್ರಿ ಡಿಗ್ರಿ ವಿಚಾರ

ಪಿಯುಸಿ ಮುಗಿಸಿದ ತಂಗಿಗೆ ಕೆಮಿಸ್ಟ್ರಿಯಲ್ಲೇ ಮುಂದೆ ಹೋಗೋ ಆಸೆ, ಗದಗಿನಿಂದ ಎಲ್ಲಿಗೆ ಕಳಿಸೋಣ ಅಂತ ಕೇಳಿದ್ದೆ ಅಲ್ವಾ? ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿಎಸ್‌ಸಿಗೆ ಸೇರಿಸಿದೆವು. 1917ರಲ್ಲಿ ಶುರುವಾದ ಕಾಲೇಜು, ಹಾಸ್ಟೆಲ್‌ಗೂ ಹತ್ತಿರ.

ಐಸರ್‌ನ (ವಿಜ್ಞಾನ ಶಿಕ್ಷಣ, ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ) 5 ವರ್ಷದ ಬಿಎಸ್-ಎಂಎಸ್, ಅಂದರೆ ಡಿಗ್ರಿ, ಮಾಸ್ಟರ್ಸ್ ಎರಡೂ ಸೇರಿದ ಕೋರ್ಸ್, ತುಂಬಾ ಇಷ್ಟವಾಗಿತ್ತು. ಆದರೆ ಅದಕ್ಕೆ ಬೇರೆಯೇ ಪ್ರವೇಶ ಪರೀಕ್ಷೆ, ಈ ಸಲ ಬರೆದಿರಲಿಲ್ಲ. ಐಐಟಿ ಧಾರವಾಡಕ್ಕೆ ಜೆಇಇ ಅಡ್ವಾನ್ಸ್‌ಡ್ ಅನ್ನೋ ಪ್ರವೇಶ ಪರೀಕ್ಷೆ ಬೇಕು.

ಜಾಸ್ತಿ ಚರ್ಚೆ ಆಗಿದ್ದು ಜೊತೆ ವಿಷಯಗಳದ್ದು. ಬಿಎಸ್‌ಸಿಯಲ್ಲಿ ಕೆಮಿಸ್ಟ್ರಿ ಒಂದನ್ನೇ ಓದೋದಲ್ಲ. ಅವಳು ಬಾಟನಿ ಬಿಟ್ಟು ಫಿಸಿಕ್ಸ್, ಮ್ಯಾಥ್ಸ್ ತಗೊಂಡಳು. ಥರ್ಮೋಡೈನಮಿಕ್ಸ್, ಕ್ವಾಂಟಮ್ ಬಂದಾಗ ಕ್ಯಾಲ್ಕುಲಸ್ ಇಲ್ಲದೆ ಕಷ್ಟ, ಹಾಗಾಗಿ ನನಗೆ ಇದೇ ಸರಿ ಅನ್ನಿಸಿತು. ಔಷಧಿ, ಬಯೋಕೆಮಿಸ್ಟ್ರಿ ಕಡೆ ಒಲವಿರುವವರು ಜೀವಶಾಸ್ತ್ರ ಉಳಿಸಿಕೊಳ್ಳಲಿ. ಮುಂದೆ ಎಂಎಸ್‌ಸಿಗೆ ಐಐಟಿ ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆಯುತ್ತಾಳಂತೆ. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.